ರೇವಮ್ಮನಿಗೆ ಉಬ್ಬಸವಿರಲಿಲ್ಲ

ಹೊರದೇಶಕ್ಕೆ ಹೋಗುವ ಕೊಬ್ಬರಿಯ ಮೇಲೆ ‘ಶುದ್ಧ’ ಎಂದು ಮೊಹರು ಒತ್ತುವ ಮಾನ್ಯ ತಪಾಸಣಾಧಿಕಾರಿಗಳೇ,

ಹೊನ್ನವಳ್ಳಿಯ ರೇವಮ್ಮ ಹಳೆಯ ಉಬ್ಬಸದಿಂದ ಸತ್ತಳೆಂದು ಕಳೆದ ತಿಂಗಳು ತಮ್ಮ ಮೇಲಿನವರಿಗೆ ವರದಿ ಕಳಿಸಿದ್ದೀರಿ. ಅದು ಸುಳ್ಳು. ನನಗೆ ಹೇಗೆ ಗೊತ್ತೆಂದರೆ, ಆ ವರದಿಯ ಕೆಳಗೆ ಸಾಕ್ಷಿಯೆಂದು ರುಜು ಹಾಕಿದವಳು ನಾನೇ. ಇದನ್ನು ತಿದ್ದಿರೆಂದು ಎರಡು ಪತ್ರ ಬರೆದೆ. ಉತ್ತರವಿಲ್ಲ. ಮೂರನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ತಾವು ಪತ್ರಿಕೆಯನ್ನಾದರೂ ತಪ್ಪದೆ ಓದುತ್ತೀರೆಂದು ಕೇಳಿದ್ದೇನೆ.

ಈ ವರ್ಷದ ಆರಂಭದಲ್ಲಿ ನಮ್ಮೂರ ಶಾಲೆಯಲ್ಲಿ ತಾವು ನಡೆಸಿದ ಸಭೆ ನೆನಪಿದೆಯೇ? ಹೊರದೇಶದಲ್ಲೊಂದು ದೊಡ್ಡ ಅಂಗಡಿ ಸಂಸ್ಥೆಯಿದೆ, ಔಷಧಿ, ಬಣ್ಣ ಯಾವುದೂ ಸೋಕದ ನೈಸರ್ಗಿಕ ಆಹಾರವನ್ನಷ್ಟೇ ಮಾರುತ್ತದೆ, ತನ್ನ ದೇಶದ ಊರೂರಲ್ಲೂ ಅಂಗಡಿ ತೆರೆದು ಈಗ ಇನ್ನೊಂದು ದೇಶಕ್ಕೆ ಕಾಲಿಡುತ್ತಿದೆ, ಆ ಹೊಸ ಅಂಗಡಿಗಳಿಗೆ ನಮ್ಮ ತಿಪಟೂರು ಸೀಮೆಯ ಕೊಬ್ಬರಿಯೇ ಬೇಕಂತೆ ಎಂದಿರಿ. ಜೊತೆಗೆ ಆ ಸಂಸ್ಥೆಯ ಹೆಂಗಸೊಬ್ಬರು ಬಂದಿದ್ದರು. ಮಹಿಳಾ ಸಮಾಜದ ಕಾರ್ಯದರ್ಶಿಯಾದ ನನಗೆ ನಾಲ್ಕಕ್ಷರ ಇಂಗ್ಲಿಷ್ ಬರುವುದರಿಂದ ಅವರ ಮಾತನ್ನು ಕನ್ನಡಕ್ಕೆ ಹೇಳಿದವಳು ನಾನು. ಆಕೆ ನಮ್ಮ ಅಟ್ಟ ಹತ್ತಿ ನೋಡಿದರು. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ತಾನಾಗಿ ಒಣಗಬೇಕು, ಬೇರೇನೂ ಹಾಕುವುದಿಲ್ಲ ಎಂದಾಗ ಕೈಮುಗಿದರು. ರೇವಮ್ಮ ಚಿಪ್ಪು ಒಡೆದು, ಒಂದು ಗೀರೂ ಬೀಳದ ಇಡೀ ಕೊಬ್ಬರಿ ಗಿಟುಕನ್ನು ಅವರ ಕೈಗಿಟ್ಟಳು. ಅವಳ ಫೋಟೋ ತೆಗೆದುಕೊಂಡರು. ರೇವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಅವರ ಅಂಗಡಿಗಳ ಬಾಗಿಲು ತೆರೆಯುವುದು ಜುಲೈನಲ್ಲಿ ಎಂದು ಗೊತ್ತಾದದ್ದು ಆಮೇಲೆ. ತೆಂಗಿನಕಾಯಿಗೆ ಯಾರ ಉದ್ಘಾಟನೆಯ ತಾರೀಖು ತಾನೇ ಗೊತ್ತಿರುತ್ತದೆ? ಅಟ್ಟದ ಮೇಲಿದ್ದ ಕೊಬ್ಬರಿ ಅರ್ಧ ಬೇಡಿಕೆಗೂ ಸಾಲಲಿಲ್ಲ. ಅರೆಬರೆ ಒಣಗಿದ್ದನ್ನು ಮಾಲು ಕಳಿಸುವ ವ್ಯಾಪಾರಿಗಳು ಇಳಿಸಿ ತಿಪಟೂರಿನ ಗೋದಾಮಿಗೆ ಸಾಗಿಸಿದರು, ಒಲೆ ಹಾಕಿ ಒಣಗಿಸಿದರು. ಮುಂಗಾರು ಹಿಡಿದು ಬೂಷ್ಟು ಬಂತು. ಆಗ ಗಂಧಕದ ಹೊಗೆ ಹಾಕಿ ಬಿಳುಪು ಮಾಡಿ ಎಂದವರು ತಾವು. ನೈಸರ್ಗಿಕವೆಂದು ಹೇಳಿ ಕಳಿಸುವ ಮಾಲಲ್ಲವೇ ಎಂದು ನಾನು ಕೇಳಿದ್ದಕ್ಕೆ, “ಗಂಧಕ ಏನು ಆಕಾಶದಿಂದ ಬರುತ್ತೇನ್ರೀ? ಭೂಮಿಯಲ್ಲೇ ಸಿಗೋದು. ಅದೂ ನೈಸರ್ಗಿಕವೇ” ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊನ್ನವಳ್ಳಿಯಿಂದ ಹೆಂಗಸರನ್ನು ಒಪ್ಪಿಸಿ ಆ ಗೋದಾಮಿಗೆ ಕರೆತಂದವಳೂ ನಾನೇ. ಧೂಳು ಬೀಳಬಾರದೆಂದು ತಾವು ಕಿಟಕಿಗಳಿಗೆ ಹಲಗೆ ಹೊಡೆಸಿದ್ದಿರಿ. ಒಂದು ಕೋಣೆಯಲ್ಲಿ ಹೊಗೆ, ಪಕ್ಕದ ಕೋಣೆಯಲ್ಲಿ ಚೀಲ ತುಂಬುವ ಹೆಂಗಸರು, ನಡುವೆ ಸೂರು ಮುಟ್ಟದ ಒಂದು ಗೋಡೆ. ಮೂರನೆಯ ದಿನವೇ ರೇವಮ್ಮ ನನ್ನ ಹತ್ತಿರ ಬಂದಳು. “ಅಮ್ಮಾವ್ರೇ, ಎದೆ ಒಳ್ಗೆ ಯಾರೋ ಮೆಣ್ಸಿನ್‌ಕಾಯಿ ಹುರ್ದಂಗೆ ಆಯ್ತದೆ. ಆ ಕಿಟ್ಕಿ ಒಂದು ತೆಗ್ಸಿ.”

“ಇನ್ನೊಂದು ವಾರ ಕಣೇ, ತಡ್ಕೋ” ಎಂದೆ. ಅವಳು ತಡೆದುಕೊಂಡಳು.

ಲಾರಿ ಹೊರಡುವ ದಿನ ಬೆಳಿಗ್ಗೆ ತಾವೂ ಬಂದಿದ್ದಿರಿ. ಹೊಗೆಕೋಣೆಯ ಬಾಗಿಲು ತೆರೆದು ಅರ್ಧ ದಿನ ಗಾಳಿಯಾಡಲು ಬಿಡುವುದು ವಾಡಿಕೆ. ಅಂದು ಬಾಗಿಲು ಆಗತಾನೇ ತೆರೆದಿತ್ತು. ತಾವು ಗಡಿಯಾರ ನೋಡಿಕೊಂಡಿರಿ. ಗೋದಾಮಿನ ಗುಮಾಸ್ತ ಹಾಲಸ್ವಾಮಿ ತಮ್ಮ ಮುಖ ನೋಡಿ, “ಲೇ ರೇವಮ್ಮ, ಒಳಗಿರೋದ್ನ ಬೇಗ ಬೇಗ ಈಚೆಗೆ ತುಂಬ್ಕೊಡೇ” ಎಂದ. ಅವಳು ನನ್ನ ಕಡೆ ನೋಡಿದಳು. ಬೇಡ ಎನ್ನಲು ಎರಡಕ್ಷರ ಸಾಕಿತ್ತು. ನಾನು ಸುಮ್ಮನಿದ್ದೆ. ಐದನೆಯ ಕುಕ್ಕೆ ಹೊತ್ತು ತಂದವಳು ಬಾಗಿಲಲ್ಲೇ ಕುಸಿದಳು. ಬಾಯಲ್ಲಿ ನೊರೆ, ಉಸಿರು ಗರಗಸ ಎಳೆದ ಹಾಗೆ. ತಮ್ಮ ಜೀಪು ಹತ್ತು ಮಾರು ದೂರದಲ್ಲಿ ನಿಂತಿತ್ತು. ಆಸ್ಪತ್ರೆಗೆ ಬಿಡಿ ಎಂದು ಅಂಗಲಾಚಿದೆ. “ಇದು ಸರ್ಕಾರಿ ಗಾಡಿ ಕಣ್ರಮ್ಮಾ. ಮೊದ್ಲು ಲಾರಿ ಕಾಗದ ತಲುಪಬೇಕು” ಎಂದು ಹತ್ತಿ ಹೋದಿರಿ. ನಾವು ಜಟಕಾ ಹುಡುಕಿಕೊಂಡು ಬರುವಷ್ಟರಲ್ಲಿ ಅವಳ ಕಣ್ಣು ಮೇಲೆ ಸಿಕ್ಕಿತ್ತು.

ಆದರೂ ಇನ್ನೂ ಹತ್ತೊಂಬತ್ತು ದಿನ ಬದುಕಿದ್ದಳು. ಮಲಗಲಾರಳು, ಮನೆಯ ಕಂಬಕ್ಕೆ ಒರಗಿ ಕೂತೇ ಇರುತ್ತಿದ್ದಳು. ನಾನು ಹೋದಾಗ ಒಮ್ಮೆಯೂ ಬೈಯಲಿಲ್ಲ. ಬೈಯಲು ಉಸಿರು ಬೇಕಲ್ಲ.

ಅವಳು ಸತ್ತ ವಾರಕ್ಕೆ ತಾವು ಕಾಗದ ಹಿಡಿದು ನನ್ನ ಮನೆಗೆ ಬಂದಿರಿ. ಗಂಧಕದ ಮಾತು ಹೊರಬಿದ್ದರೆ ಮಾಲು ವಾಪಸು ಬರುತ್ತದೆ, ಗೋದಾಮು ಮುಚ್ಚುತ್ತದೆ, ನಿಮ್ಮ ನಲವತ್ತು ಹೆಂಗಸರ ಕೆಲಸ ಹೋಗುತ್ತದೆ ಎಂದಿರಿ. ನಲವತ್ತು ಜನರ ಅನ್ನ ಎಂದು ನನಗೆ ನಾನೇ ಹೇಳಿಕೊಂಡು ರುಜು ಹಾಕಿದೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಅವಳನ್ನು ಕರೆತಂದವಳು ನಾನೆಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆ.

ಕೇಳಿದವನು ಅವಳ ಗಂಡ ಬೋರಯ್ಯ. ಯಾವುದೋ ಕಚೇರಿಯಲ್ಲಿ ವರದಿ ಓದಿಸಿಕೊಂಡು ನೇರ ನಮ್ಮ ಜಗುಲಿಗೆ ಬಂದ. ಕೂರು ಎಂದರೂ ಕೂರಲಿಲ್ಲ.

“ಅಮ್ಮಾವ್ರೇ, ನನ್ ಹೆಂಡ್ರುಗೆ ಉಬ್ಸ ಇತ್ತಾ? ನಿಮ್ ಮಗಳ ಮದ್ವೇಲಿ ಸೋಬಾನೆ ಹೇಳ್ದೋಳು ಯಾರು? ಹೊತ್ತುಟ್ಟಿದಾಗಿಂದ ಧಾರೆ ಮುಗಿಯೋ ಗಂಟ ಒಬ್ಳೇ ಹೇಳಿದ್ಲು. ಉಬ್ಸ ಇರೋಳು ಹಂಗೆ ಹೇಳಕ್ಕಾಯ್ತದಾ?”

ನೀರು ಕುಡಿ ಎಂದು ಚೊಂಬು ಮುಂದಿಟ್ಟೆ.

“ಸತ್ತೋಳ್ನ ತಂದ್ಕೊಡಿ ಅಂತ ಕೇಳ್ತಿಲ್ಲ. ಇಲ್ದಿರೋ ಕಾಯ್ಲೆ ಅವಳ ತಲೆಗೆ ಯಾಕೆ ಕಟ್ಟುದ್ರಿ, ಅದ್ನ ಹೇಳ್ಬುಡಿ” ಎಂದು ಹೇಳಿ ಹೊರಟು ಹೋದ.

ತಾವು ಹೆಮ್ಮೆಯಿಂದ ಮಹಿಳಾ ಸಮಾಜಕ್ಕೆ ಕಳಿಸಿಕೊಟ್ಟ ಆ ಅಂಗಡಿಯ ಪೊಟ್ಟಣ ಮೊನ್ನೆ ತಲುಪಿತು. ಅದರ ಮೇಲೆ ರೇವಮ್ಮ ನಗುತ್ತಿದ್ದಾಳೆ. ಕೆಳಗೆ, ಏನನ್ನೂ ಬೆರೆಸದ ಕೊಬ್ಬರಿ ಎಂದು ಅಚ್ಚಾಗಿದೆ. ಜೊತೆಗಿದ್ದ ತಮ್ಮ ಚೀಟಿಯಲ್ಲಿ ಒಂದು ಸಂತೋಷದ ಸುದ್ದಿ: ಅಂಗಡಿಗಳು ಚೆನ್ನಾಗಿ ನಡೆಯುತ್ತಿವೆ, ಎರಡರಷ್ಟು ಮಾಲು ಬೇಕು, ಬರುವ ಸೋಮವಾರದಿಂದ ಹೆಂಗಸರನ್ನು ಕಳಿಸಿ. ಯಾವ ರೇವಮ್ಮನ ಜಾಗಕ್ಕೆ ಎಂದು ತಾವು ಬರೆದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಆ ವರದಿಯಿಂದ ನನ್ನ ರುಜುವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ವರದಿಯನ್ನು ರದ್ದು ಮಾಡಿ, ಅವಳು ಗಂಧಕದ ಹೊಗೆಯಿಂದ ಸತ್ತಳೆಂದು ಬರೆಯಿರಿ. ವಿಚಾರಣೆಯನ್ನು ನಮ್ಮೂರಲ್ಲಿ, ಬೋರಯ್ಯನ ಎದುರಿಗೆ ನಡೆಸಿ. ಅಪರಾಧಿಗಳ ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿ, ಆದರೆ ತಮ್ಮದನ್ನು ಬಿಡಬೇಡಿ. ಆ ಹೊರದೇಶದವರಿಗೆ ನಾನೇ ನನ್ನ ಮುರುಕು ಇಂಗ್ಲಿಷಿನಲ್ಲಿ ಬರೆದಿದ್ದೇನೆ.

ಅವಳು ಸತ್ತದ್ದು ಯಾವುದರಿಂದ ಎಂದು ಹೆಂಗಸರಿಗೆಲ್ಲ ಹೇಳಿಯಾಯಿತು. “ಗೊತ್ತು ಬುಡಿ ಅಮ್ಮಾವ್ರೇ, ಹೋಗ್ದೆ ಏನ್ ಮಾಡಣ?” ಎಂದರು. ಸೋಮವಾರ ಎಂಟರ ಬಸ್ಸಿಗೆ ಅವರು ಬರುತ್ತಾರೆ. ನಾನು ಅವರಿಗಿಂತ ಮೊದಲು ಹೋಗಿ, ಕಿಟಕಿಯ ಹಲಗೆ ಕೀಳಲು ಒಂದು ಹಾರೆ ಹಿಡಿದುಕೊಂಡು ಗೋದಾಮಿನ ಬಾಗಿಲಲ್ಲಿ ನಿಂತಿರುತ್ತೇನೆ. ಯಾರಾದರೂ ಕುಸಿದರೆ ಒಯ್ಯಬೇಕಲ್ಲ, ಜೀಪು ತರುವುದಾದರೆ ಈ ಸಲ ಖಾಲಿ ತನ್ನಿ.

ಇಂತಿ,
ಬೇಡ ಎನ್ನಬೇಕಾದಾಗ ಸುಮ್ಮನಿದ್ದ
ಗಿರಿಜಾಂಬಿಕಾ
ಹೊನ್ನವಳ್ಳಿ, ಆಗಸ್ಟ್ ೧೯೮೬