ನೀನು ಕೇಳಿದ ಗೋಡೆ

ಬಣಕಲ್
೧೪ನೇ ಮಾರ್ಚಿ ೧೯೩೮

ಚಿ॥ ಸೌ॥ ಮಂಗಳೆಗೆ ಶೇಷಪ್ಪನ ಆಶೀರ್ವಾದ.

ನಾನೂ ಮಗಳು ಗಿರಿಜೆಯೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಹದಿನೆಂಟು ದಿನ ಆಯಿತು. ಉತ್ತರ ಇಲ್ಲ ಅಂತ ಗಾಬರಿ ಆಗಬೇಡ, ಯಾರಿಗೂ ಏನೂ ಆಗಿಲ್ಲ. ದಿನಾ ಬರೆಯಲು ಕೂರುತ್ತಿದ್ದೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈ, ನಿನಗೆ ಗೊತ್ತಲ್ಲ, ನಾಲ್ಕು ಸಾಲಿಗೇ ಬೆವರುತ್ತೆ. ಮೈಸೂರಿನ ಆಸ್ಪತ್ರೆಯಲ್ಲಿ ನಿನ್ನನ್ನು ಕಿಟಕಿ ಪಕ್ಕ ಮಲಗಿಸಿದ್ದಾರೆ ಅಂತ ನೀನು ಬರೆದಿದ್ದೆ. ಗಾಳಿ ಒಳ್ಳೆಯದು ಅಂತ ಡಾಕ್ಟರು ಹೇಳಿದರೂ ಕಿವಿಗೆ ಬಟ್ಟೆ ಕಟ್ಟಿಕೋ. ಕೆಮ್ಮಿದರೆ ಎದೆ ಚುಚ್ಚುವುದು ನಿಂತಿತೋ? ತೂಕ ಏರಿತೋ? ಇದನ್ನೆಲ್ಲ ನೀನು ಬರೆಯುವುದೇ ಇಲ್ಲ. ಸಾರಿಗೆ ಉಪ್ಪಿಲ್ಲ ಅಂತ ಮಾತ್ರ ಬರೆಯುತ್ತೀ.

ಅಲ್ಲಿ ನೋಡಲು ಏನೂ ಇಲ್ಲ, ಪೇಟೆಯ ಚಿತ್ರದ ಗೋಡೆಗಳನ್ನೆಲ್ಲ ಫೋಟೋ ತೆಗೆದು ಕಳಿಸಿ ಅಂತ ನೀನು ಕೇಳಿದ್ದೆ. ಎಲ್ಲಕ್ಕಿಂತ ಮೊದಲು ನಮ್ಮ ಜಗಲಿ ಗೋಡೆಯದು, ದೀಪಾವಳಿಗೆ ನೀನು ಕೆಮ್ಮಣ್ಣಿನಲ್ಲಿ ಬರೆದ ಪಲ್ಲಕ್ಕಿ, ಹೊತ್ತ ನಾಲ್ವರೂ ಕಾಣಬೇಕು ಅಂದಿದ್ದೆ. ಮೋಟಾರ್ ಶೆಡ್ಡಿನ ಮೊಯ್ದು ಹತ್ತಿರ ಬಾಳೂರಿನ ಕಾಫಿ ತೋಟದ ಬಿಳಿ ದೊರೆ ಕೊಟ್ಟುಹೋದ ಡಬ್ಬಿ ಕ್ಯಾಮರಾ ಇದೆ. ಕೇಳಿದ ಕೂಡಲೇ ಕೊಟ್ಟ. "ಎಂಟೇ ಫೋಟೋ ಮಾರಾಯ, ಉಸಿರು ಬಿಗಿಹಿಡಿದು ಒತ್ತು. ನೀನು ಹೆದರಿದರೆ ಗೋಡೆಯೂ ನಡುಗುತ್ತೆ" ಅಂದ. ಎರಡು ಹಾಗೇ ಹಾಳಾದವು. ಚಿಕ್ಕಮಗಳೂರಲ್ಲಿ ತೊಳೆಸಿ ತರಿಸಿದ ಆರು ಇದರ ಜೊತೆ ಇವೆ.

ಸೋಡಾ ಅಂಗಡಿಯದು ಹಡಗು, ಮಂಗಳೂರಿನ ಪೇಂಟರು ಬರೆದದ್ದು. ನೀಲಿ ಮುಗಿದು ಅರ್ಧ ಸಮುದ್ರ ಹಸಿರಾಗಿದೆ. ಫೋಟೋದಲ್ಲಿ ಅದು ಕಾಣಲ್ಲ, ನೀನೇ ಮನಸ್ಸಿನಲ್ಲಿ ಹಾಕಿಕೋ. ಸಂತೆಗೆ ಬಂದ ಮುದುಕಿ ಒಬ್ಬಳು ಇಷ್ಟು ದೊಡ್ಡ ದೋಣಿ ನಮ್ಮ ಹೊಳೆಯಲ್ಲಿ ತಿರುಗುತ್ತಾ ಅಂತ ಕೇಳಿದಳಂತೆ. ಜೊಹರಾಬಿ ಮನೆಯದು ಮೊಹರಂ ಹುಲಿ. ಬಾಲಕ್ಕೆ ಗೋಡೆ ಸಾಲದೆ ಬಾಗಿಲ ಮೇಲೆ ಹೋಗಿದೆ, ಯಾರಾದರೂ ಒಳಗೆ ಹೋದರೆ ಹುಲಿಗೆ ಬಾಲ ಇಲ್ಲ. ಎರಡು ಹಿಟ್ಟಿನ ಗಿರಣಿಯವು. ಕಣದಲ್ಲಿ ಕಾಫಿ ಕೆದಕುವ ಹೆಂಗಸರು ಫೋಟೋ ನಿನಗೆ ಕಳಿಸಲು ಅಂದ ಮೇಲೆ ನಿಂತರು, ಆದರೆ ದೇವರ ಮುಂದೆ ನಿಂತ ಹಾಗೆ ನಿಂತುಬಿಟ್ಟರು. ಆರನೆಯದರಲ್ಲಿ ಗಿರಿಜೆ. ಅಮ್ಮ ನನ್ನನ್ನು ಇದರಲ್ಲಿ ನೋಡುವಾಗ ನನಗೂ ಅವಳು ಕಾಣುತ್ತಾಳಾ ಅಂತ ಕೇಳಿದಳು.

ನಮ್ಮ ಗೋಡೆಯದು ಈ ಸಲ ಇಲ್ಲ. ಜಗಲಿಗೆ ಬಿಸಿಲು ಸರಿಯಾಗಿ ಬೀಳುತ್ತಿಲ್ಲ.

ಒಂದೊಂದು ಗೋಡೆ ಮುಂದೆಯೂ ನೀನು ಪಕ್ಕದಲ್ಲಿದ್ದರೆ ಏನು ಅನ್ನುತ್ತಿದ್ದೆ ಅಂತಲೇ ಯೋಚನೆ. ಹುಲಿಗೆ ಮೀಸೆ ಜಾಸ್ತಿ ಅನ್ನುತ್ತಿದ್ದೆ. ಹೂಮಳೆ ಬಿದ್ದು ತೋಟ ಎಲ್ಲ ಬೆಳ್ಳಗಾಗಿದೆ. ಕಾಫಿ ಹೂವಿನ ವಾಸನೆಗೆ ತಲೆನೋವು ಬರುತ್ತೆ, ಕಿಟಕಿ ಹಾಕಿ ಅನ್ನುತ್ತಿದ್ದೆಯಲ್ಲ. ಈಗಲೂ ಹಾಕುತ್ತಿದ್ದೇನೆ.

ಹಾಲು ಬಿಡಬೇಡ. ಡಾಕ್ಟರ ಮಾತು ಕೇಳು. ದೇವರು ನಿನ್ನನ್ನು ಬೇಗ ಬಸ್ಸು ಹತ್ತಿಸಲಿ.

ಇಂತಿ ನಿನ್ನ
ಶೇಷಪ್ಪ

ತಾ.ಕ.: ಬಿಸಿಲಿನ ಮಾತು ಸುಳ್ಳು. ಗೋಡೆಯಲ್ಲಿ ಚಿತ್ರ ಇಲ್ಲ. ನೀನು ಆಸ್ಪತ್ರೆಗೆ ಹೋದ ವಾರವೇ ಪಕ್ಕದ ಮನೆ ವಿಶಾಲಾಕ್ಷಮ್ಮ ತಮ್ಮ ಮಕ್ಕಳನ್ನು ಗಿರಿಜೆ ಜೊತೆ ಆಡಲು ಬಿಡಲಿಲ್ಲ. ಈ ಕಾಯಿಲೆ ಗೋಡೆಗೂ ಅಂಟಿರುತ್ತೆ ಅಂದರು. ಒಳಗೂ ಹೊರಗೂ ಸುಣ್ಣ ಹೊಡೆಸಿದೆ. ಎರಡು ಸಲ ಬಳಿದರೂ ನಿನ್ನ ಕೆಮ್ಮಣ್ಣು ಬಿಡಲಿಲ್ಲ, ಪಲ್ಲಕ್ಕಿ ತೆಳ್ಳಗೆ ಕಾಣುತ್ತಲೇ ಇತ್ತು. ವಿಶಾಲಾಕ್ಷಮ್ಮನೇ ಬಂದು ನೋಡಿ, "ಸಾಕು ಶೇಷಪ್ಪನವ್ರೆ, ಅಷ್ಟು ಇರಲಿ, ಪಾಪ, ಅವಳ ಕೈಯದು" ಅಂದರು. ಆಳು ಸುಣ್ಣದ ಡಬ್ಬ ಅಲ್ಲೇ ಇಟ್ಟು ಹೋದ. ಮಾರನೇ ಬೆಳಿಗ್ಗೆ ಗಿರಿಜೆ ಪಲ್ಲಕ್ಕಿಗೆ ಕೆನ್ನೆ ಒತ್ತಿಕೊಂಡು ನಿಂತಿದ್ದಳು. ನನಗೆ ಎಲ್ಲಿಲ್ಲದ ಹೆದರಿಕೆ ಆಯಿತು ಮಂಗಳೆ. ಅವಳನ್ನು ಎಳೆದು ಆಚೆ ನಿಲ್ಲಿಸಿ, ಮೂರನೇ ಸಲ ನಾನೇ ಬಳಿದೆ, ಏನೂ ಕಾಣದ ಹಾಗೆ.