ಸುರುಳಿಗೆ ಬಳಿದ ಕುಂಕುಮ

ಅಭಿಷೇಕ್,

ನೀನು ನೋಡಿಕೊಳ್ಳುತ್ತಿದ್ದ ಮಣ್ಣು ಪರೀಕ್ಷೆಯ ಯಂತ್ರ ಇವತ್ತು ಬೆಳಿಗ್ಗೆ ಹೊತ್ತಿಕೊಳ್ಳಲಿಲ್ಲ. ಆಯುಧಪೂಜೆಯ ರಜೆ ಮುಗಿದಿತ್ತು. ಆಲ್ದೂರಿನ ನಮ್ಮ ಲ್ಯಾಬಿನಲ್ಲಿ ಕಾಫಿ ತೋಟಗಳ ಮಣ್ಣೆಲ್ಲ ಪರೀಕ್ಷೆಗೆ ಕಾಯುತ್ತಿತ್ತು. ಹೊಸ ಆಪರೇಟರ್ ಅಶ್ವಿನ್ ಗುಂಡಿ ಒತ್ತಿದಾಗಲೆಲ್ಲ ತಾಮ್ರದ ಸುರುಳಿಯ ಮೇಲೆ ಚಟ್ಟನೆ ಕಿಡಿ ಹಾರುತ್ತಿತ್ತೇ ಹೊರತು ಗಾಜಿನ ಕೊಳವೆಯೊಳಗೆ ನೇರಳೆ ಉರಿ ಏಳಲಿಲ್ಲ.

"ಆ ಅಭಿಷೇಕ್ ಕೆಲಸ ಬಿಟ್ಟು ಹೋಗ್ತಾ ಏನೋ ಕಿತಾಪತಿ ಮಾಡಿದಾನೆ ಮಾರಾಯ," ಎಂದರು ನಮ್ಮ ಯಜಮಾನರು ರಮಾಕಾಂತರು. "ಅವನಿಗೆ ಇನ್ನೆಲ್ಲೂ ಕೆಲಸ ಸಿಗದ ಹಾಗೆ ಮಾಡ್ತೀನಿ."

ಸುರುಳಿಯ ವಿದ್ಯುತ್ತು ಸೆಕೆಂಡಿಗೆ ಕೋಟಿಗಟ್ಟಲೆ ಸಲ ದಿಕ್ಕು ಬದಲಿಸುತ್ತದೆ, ಅದರಿಂದ ಹುಟ್ಟುವ ಕ್ಷೇತ್ರ ಕೊಳವೆಯ ಅನಿಲವನ್ನು ಮುಟ್ಟದೆಯೇ ಕಾಯಿಸುತ್ತದೆ ಎಂದು ನಾನು ಕಸ ಗುಡಿಸುವಾಗ ನೀನು ಹೇಳುತ್ತಿದ್ದೆ. ಪ್ರತಿ ಪೂಜೆಗೂ, "ಕುಂಕುಮ ಬಾಗಿಲಿಗೆ ಹಚ್ಚು ಮಾರಾಯ್ತಿ, ಸುರುಳಿಗೆ ಬೇಡ. ಕರೆಂಟು ದಾರಿ ತಪ್ತದೆ," ಎನ್ನುತ್ತಿದ್ದೆ. ಈ ಸಲ ನೀನಿರಲಿಲ್ಲ. ರಮಾಕಾಂತರೇ ಯಂತ್ರದ ಬಾಗಿಲು ತೆಗೆಸಿ, ಸುರುಳಿಯ ಸುತ್ತುಗಳಿಗೆ ಅಡ್ಡಲಾಗಿ ಒದ್ದೆ ಕುಂಕುಮ ಬಳಿದರು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಹೇಳಬೇಕಿತ್ತು. ಯಾಕೆ ಹೀಗಿದ್ದೇನೋ ನಾನು, ದನಿಯೇ ಹೊರಡಲಿಲ್ಲ. ನೀನು ಬಸ್ಸು ಹತ್ತಿದ ದಿನವೂ ಹೀಗೇ ಆಗಿತ್ತು. ನಿನ್ನ ನಂಬರನ್ನೂ ಕೇಳಿಟ್ಟುಕೊಂಡಿಲ್ಲ.

ಇವತ್ತು ಅವರೆಲ್ಲ ಕಾಫಿಗೆ ಹೋದಾಗ ಸುರುಳಿಯನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಅಶ್ವಿನ್ ಬಂದು ಗುಂಡಿ ಒತ್ತಿದ ಕೂಡಲೇ ಉರಿ ಎದ್ದು ನಿಂತಿತು.

"ಅಶ್ವಿನ್ ಕೈಗುಣ ನೋಡಿ!" ಎಂದರು ರಮಾಕಾಂತರು. "ಅಭಿಷೇಕ್ ಕೆಡಿಸಿದ್ದನ್ನ ಸರಿ ಮಾಡೇಬಿಟ್ಟ."

ಕೆಂಪಾದ ಬಟ್ಟೆ ಇನ್ನೂ ನನ್ನ ಕೈಯಲ್ಲಿತ್ತು. ಅದನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಶಶಿರೇಖಾ