ಕೆಂಪು ಗೆರೆ ಕಾಣದ ಮಾವನಿಗೆ

ಮಾವಾ,

ನೀನು ಇದ್ದಿದ್ದರೆ ಇಷ್ಟು ಹೊತ್ತಿಗೆ ಬೈದು ಮುಗಿಸಿರುತ್ತಿದ್ದೆ. "ಎರಡು ಕ್ಯಾಮೆರಾ ಮುಂದಿಟ್ಕೊಂಡು ಎಷ್ಟು ತಿಂಗಳು ಕೂರ್ತೀಯೋ ಮುನಿ, ಒಂದನ್ನ ಎತ್ಕೊಂಡು ನಡಿ" ಅಂತ. ನೀನು ಹೋದ ಮೇಲೆ ಬೈಯುವವರಿಲ್ಲದೆ ನನ್ನ ಕೆಲಸಗಳೆಲ್ಲ ಹೀಗೇ ನಿಲ್ಲುತ್ತವೆ. ಆರ್.ಟಿ. ನಗರದಲ್ಲಿ ಅಯೂಬ್ ಭಾಯ್ ಅಂತ ಒಬ್ಬರು ಹಳೆಯ ಕ್ಯಾಮೆರಾ ಕೊಂಡು ಮಾರುತ್ತಾರೆ. ಅವರ ಅಂಗಡಿಗೆ ಎರಡು ಡಿಜಿಟಲ್ ಕ್ಯಾಮೆರಾ ಬಂದಿದ್ದವು. ಎರಡೂ ಸೆಕೆಂಡ್ ಹ್ಯಾಂಡ್, ಎರಡೂ ಜರ್ಮನಿಯವು, ಒಂದು ಹಳೆಯದು, ಇನ್ನೊಂದು ಅದರ ತಮ್ಮ. ನಿನಗೆ ನಂಬಲು ಕಷ್ಟವಾಗುವ ಸಂಗತಿ ಏನು ಗೊತ್ತಾ? ಅವು ತೆಗೆಯುವುದು ಬರೀ ಕಪ್ಪು-ಬಿಳುಪು. ಈ ಕಾಲದಲ್ಲೂ ಬಣ್ಣ ಗೊತ್ತಿಲ್ಲದ ಕ್ಯಾಮೆರಾ ಮಾಡಿ, ಬಣ್ಣದ್ದಕ್ಕಿಂತ ಹೆಚ್ಚು ಬೆಲೆಗೆ ಮಾರುತ್ತಾರೆ. ನಮ್ಮಂಥ ಕಣ್ಣಿಗೂ ಮರ್ಯಾದೆ ಸಿಗುವ ಜಾಗ ಒಂದಿದೆ ಅಂತ ಅದನ್ನು ನೋಡಿದ ದಿನ ಅನ್ನಿಸಿತು.

ಯಶವಂತಪುರದಲ್ಲಿ ನಿನ್ನ ಸ್ಟುಡಿಯೊದ ಡಾರ್ಕ್‌ರೂಮಿಗೆ ನಾನು ಮೊದಲ ಸಲ ಬಂದ ದಿನ ನೆನಪಿದೆಯಾ? ಆಗ ಹೈಸ್ಕೂಲಿನಲ್ಲಿದ್ದೆ. ನೀನು ಬಾಗಿಲು ಹಾಕಿದೆ, ಪರದೆ ಎಳೆದೆ. ನಾನು ಕತ್ತಲೆಯಲ್ಲಿ ನಿಂತು, "ಮಾವ, ದೀಪ ಹಾಕು" ಅಂದೆ.

"ಹಾಕಿದೀನಲ್ಲೋ. ಕೆಂಪು ದೀಪ."

"ಎಲ್ಲಿ? ಕಾಣ್ತಾನೇ ಇಲ್ಲ."

ನೀನು ಬಹಳ ಮೆಲ್ಲಗೆ, "ನಿನಗೂನಾ?" ಅಂದೆ. ಬೇರೆಯವರು ಆ ದೀಪದಲ್ಲಿ ಗಡಿಯಾರ ನೋಡುತ್ತಿದ್ದರಂತೆ, ನಮ್ಮಿಬ್ಬರಿಗೆ ಮಾತ್ರ ಅದು ಕತ್ತಲೆ. ನೀನು ಅಷ್ಟೂ ವರ್ಷ ಬೆರಳ ತುದಿಯಲ್ಲಿ ತಡಕಾಡುತ್ತಾ ಪ್ರಿಂಟ್ ತೊಳೆದಿದ್ದೆ. ಕೆಂಪು ಕಾಣದ, ಹಸಿರಿಗೂ ಕಂದಿಗೂ ವ್ಯತ್ಯಾಸ ತಿಳಿಯದ ಈ ಕಣ್ಣು ಸೋದರಮಾವನಿಗೂ ಅಳಿಯನಿಗೂ ಮನೆಯ ಹೆಣ್ಣಿನ ಮೂಲಕವೇ ಬರುತ್ತದೆ ಅಂತ ಡಾಕ್ಟರೊಬ್ಬರು ಹೇಳಿದ್ದು ಎಷ್ಟೋ ಕಾಲದ ಮೇಲೆ. ಅವತ್ತು ನೀನು ಹೇಳಿದ್ದು ಒಂದೇ ಮಾತು. "ಯಾರಿಗೂ ಹೇಳ್ಬೇಡ ಕಣೋ. ಬಣ್ಣ ಕಾಣದೋನಿಗೆ ಯಾರು ಮದುವೆ ಆರ್ಡರ್ ಕೊಡ್ತಾರೆ?"

ನಾನು ಹೇಳಲಿಲ್ಲ ಮಾವ. ನಿನ್ನ ಮೇಲಿನ ಪ್ರೀತಿಗೆ ಹೇಳಲಿಲ್ಲ, ಆಮೇಲೆ ಹೆದರಿಕೆಗೆ ಹೇಳಲಿಲ್ಲ, ಕೊನೆಗೆ ಹೇಳದೇ ಇದ್ದದ್ದೇ ಒಂದು ಕಾರಣವಾಗಿಬಿಟ್ಟಿತ್ತು.

ಊರಿಗೆಲ್ಲ ಕಲರ್ ಬಂದಾಗ ನೀನು ಕೆಮಿಕಲ್ಲು ಮೈಗೆ ಒಗ್ಗುವುದಿಲ್ಲ ಅಂತ ಸುಳ್ಳು ಹೇಳಿ ಸ್ಟುಡಿಯೊ ಮುಚ್ಚಿದೆ. ಅಬ್ಬಿಗೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟೆ. ಅಲ್ಲೂ ಕಪ್ಪು-ಬಿಳುಪೇ. ಕಲರ್ ಜೆರಾಕ್ಸ್ ಇಡು ಅಂತ ಬಂದವರೆಲ್ಲ ಹೇಳಿದರೂ ಜಗ್ಗಲಿಲ್ಲ. ಜನ ಮೊಂಡ ಅಂದರು, ಕಾಲಕ್ಕೆ ತಕ್ಕ ಹಾಗೆ ಕುಣಿಯದವನು ಅಂದರು. ನೀನು ನಗುತ್ತಾ ರೇಷನ್ ಕಾರ್ಡುಗಳ ಪ್ರತಿ ತೆಗೆಯುತ್ತಾ ಕೂತಿದ್ದೆ. ಆ ನಗು ನನಗೆ ಈಗ ಅರ್ಥವಾಗುತ್ತದೆ, ಯಾಕೆಂದರೆ ಅದು ಈಗ ನನ್ನ ಮುಖದ ಮೇಲೂ...

ನಾನೇನೋ ಜಾಣ ಅಂದುಕೊಂಡು ಬಣ್ಣದ ಕೆಲಸಕ್ಕೇ ಇಳಿದೆ. ವಿದ್ಯಾರಣ್ಯಪುರದಲ್ಲಿ ಬೇಕರಿಯ ಮಹಡಿ ಮೇಲೆ ನಮ್ಮ ಸ್ಟುಡಿಯೊ, ನಾನು ಮತ್ತು ನನ್ನ ಭಾಮೈದ, ಮಂಜುಳಾಳ ತಮ್ಮ ಶಿವು ಪಾಲುದಾರರು. ನೀನು ಕಲಿಸಿದ ಉಪಾಯವನ್ನು ಇಷ್ಟು ವರ್ಷ ತಪ್ಪದೆ ನಡೆಸಿದ್ದೇನೆ. ಮದುವೆ ಮನೆಗೆ ಹೋದ ಕೂಡಲೇ ಹೆಣ್ಣಿನ ತಾಯಿಯ ಹತ್ತಿರ, "ಅಮ್ಮಾ, ಧಾರೆ ಸೀರೆ ಬಹಳ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಅಂದರೆ ಸಾಕು. ಯಾವ ಅಂಗಡಿ, ಎಷ್ಟು ಸೀರೆ ಕೆಡವಿ ಹಾಕಿದರು, ಒಡಲು ಯಾವ ಬಣ್ಣ, ಅಂಚು ಯಾವ ಬಣ್ಣ, ಬೀಗರ ಕಡೆಯವರು ತಂದದ್ದು ಹೇಗೆ ಮಂಕಾಗಿದೆ, ಎಲ್ಲ ತಾನಾಗಿಯೇ ಹೊರಗೆ ಬರುತ್ತದೆ. ನನ್ನಷ್ಟು ಸೀರೆ ವಿಚಾರಿಸುವ ಫೋಟೋಗ್ರಾಫರ್ ಇನ್ನೊಬ್ಬನಿಲ್ಲ ಅಂತ ಹೆಂಗಸರಲ್ಲಿ ಒಳ್ಳೆಯ ಹೆಸರೂ ಇದೆ.

ಆದರೆ ಸೀರೆಯ ಬಣ್ಣ ಕೇಳಬಹುದು, ಮುಖದ ಬಣ್ಣ ಯಾರನ್ನು ಕೇಳಲಿ? ಈಚೆಗೆ ಯಲಹಂಕದ ಆಚೆ ಒಂದು ರಿಸೆಪ್ಷನ್. ವೇದಿಕೆ ತುಂಬಾ ಎಲ್ಇಡಿ. ನಾನು ಸರಿ ಮಾಡಿ ಕಳಿಸಿದ ಆಲ್ಬಂನಲ್ಲಿ ಹೆಣ್ಣಿನ ಕಡೆಯವರೆಲ್ಲ ಹಸಿರಾಗಿದ್ದರಂತೆ. ಹೆಣ್ಣಿನ ತಂದೆ, ಅಲ್ಲೇ ಹೊಲವಿದ್ದು ಈಗ ಲೇಔಟ್ ಮಾಡಿರುವ ಗೌಡರು, ಆಲ್ಬಂ ತಂದು ಮೇಜಿನ ಮೇಲಿಟ್ಟರು. "ಏನ್ರೀ ಇದು, ನಮ್ಮನೆಯೋರ್ಗೆಲ್ಲ ಕಾಮಾಲೆ ಬಂದೈತಾ?" ಅಂದರು. ಶಿವು ತಕ್ಷಣ ಅಡ್ಡ ಬಂದು ಮಾನಿಟರ್ ಕೆಟ್ಟಿದೆ ಅಣ್ಣ ಅಂದ. ನಾನೂ ಹೌದು ಅಂದೆ. ಪಾಪದ ಮಾನಿಟರ್. ಹಿಂದೆಯೂ ಹೀಗೆ ಬದಲಾಯಿಸಿದ್ದೆವು, ಈಗ ಮತ್ತೊಂದು ಬಂತು. ಕಪ್ಪು ಪರದೆ ಹಾಕಿದ ಎಡಿಟಿಂಗ್ ಕೋಣೆಯಲ್ಲಿ ಅದರ ಮುಂದೆ ಕೂತರೆ ಉಸಿರು ಕಟ್ಟುತ್ತದೆ ಮಾವ. ಎದುರಿಗೆ ಮುಖಗಳಿರುತ್ತವೆ, ಅವು ಸರಿ ಇವೆಯೋ ತಪ್ಪಿವೆಯೋ ಗೊತ್ತಿಲ್ಲ, ಕೇಳಲು ಬಾಯಿಲ್ಲ.

ಅದಕ್ಕೇ ಈ ಕ್ಯಾಮೆರಾ. ಈಗ ಕೆಲವು ಹುಡುಗ ಹುಡುಗಿಯರು ಮದುವೆಯನ್ನು ಕಪ್ಪು-ಬಿಳುಪಿನಲ್ಲೇ ತೆಗೆಯಿರಿ ಅಂತ ಕೇಳುತ್ತಾರೆ. ಬಣ್ಣವನ್ನೆಲ್ಲ ಶಿವುಗೆ ಬಿಟ್ಟು ನಾನು ಇದರ ಹಿಂದೆ ಅಡಗಿಕೊಂಡುಬಿಟ್ಟರೆ ಯಾರಿಗೂ ಏನೂ ಹೇಳುವ ಅಗತ್ಯವಿಲ್ಲ ಅಂದುಕೊಂಡಿದ್ದೆ. ನೋಡಿದವರೆಲ್ಲ ಇದನ್ನು ಕಲೆ ಅನ್ನುತ್ತಾರೆ. ಒಳ್ಳೆಯ ಉಪಾಯ ಅಲ್ಲವಾ? ನೀನಾದರೆ ಬೆನ್ನು ತಟ್ಟುತ್ತಿದ್ದೆ.

ಹಳೆಯದನ್ನು ಕಣ್ಣಿಗೆ ಹಿಡಿದಾಗ ನಿನ್ನ ಕ್ಯಾಮೆರಾವೇ ನೆನಪಾಯಿತು. ಕಿಂಡಿಯಲ್ಲಿ ಒಂದೇ ಮುಖ ಎರಡಾಗಿ ಕಾಣುತ್ತದೆ, ಲೆನ್ಸ್ ತಿರುಗಿಸಿ ಎರಡನ್ನೂ ಒಂದು ಮಾಡಿದರೆ ಚಿತ್ರ ಸ್ಪಷ್ಟ. "ಜಗಳ ಆಡಿದ ಗಂಡ ಹೆಂಡ್ತಿ ಥರ ದೂರ ನಿಂತಿರ್ತಾರೆ, ಮೆಲ್ಲಗೆ ಸೇರಿಸು" ಅನ್ನುತ್ತಿದ್ದೆ. ಅದು ಕೊಡುವ ಬೂದಿ ಬಣ್ಣದ ಒಂದೊಂದು ಮೆಟ್ಟಿಲೂ ನೀನು ತೊಳೆದ ಪ್ರಿಂಟಿನ ಹಾಗೆ. ಆದರೆ ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ, ಮಬ್ಬು ಬೆಳಕಿನ ಛತ್ರದಲ್ಲಿ ತಿಣುಕುತ್ತದೆ. ಅದಕ್ಕಿಂತ ಹೆಚ್ಚಾಗಿ, ಕನ್ನಡಕ ಬಂದ ಮೇಲೆ ನನಗೆ ಆ ಗಂಡ ಹೆಂಡತಿಯನ್ನು ಬೇಗ ಸೇರಿಸಲು ಆಗುತ್ತಿಲ್ಲ. ಹೊಸದು ಕತ್ತಲೆಯಲ್ಲೂ ಗಟ್ಟಿ. ಹಿಂದಿನ ಪರದೆ ನೋಡಿಯೇ ಫೋಕಸ್ ಮಾಡಬಹುದು. ಸ್ಪಷ್ಟವಾದ ಜಾಗದ ಅಂಚಿಗೆ ಕೆಂಪು ಗೆರೆ ಮೂಡುತ್ತದಂತೆ.

ಕೆಂಪು ಗೆರೆ ಮಾವ. ಜಗತ್ತಿನಲ್ಲಿ ಬಣ್ಣ ಬಿಟ್ಟು ಬದುಕುವ ಒಂದು ಕ್ಯಾಮೆರಾ ಹುಡುಕಿಕೊಂಡು ಹೋದರೆ, ಅದರ ಹೊಟ್ಟೆಯಲ್ಲೂ ಕೆಂಪು. ಹಳೆಯದಕ್ಕೆ ಹರೆಯದ ಕಣ್ಣು ಬೇಕು, ಹೊಸದಕ್ಕೆ ಬೇರೆಯವರ ಕಣ್ಣು ಬೇಕು. ವಾರವಾರವೂ ಹೋಗುತ್ತಿದ್ದೆ, ಎರಡನ್ನೂ ಮುಟ್ಟಿ ವಾಪಸು ಬರುತ್ತಿದ್ದೆ. "ಏನ್ ಸಾರ್, ಹೆಣ್ಣು ನೋಡೋಕ್ ಬಂದಂಗೆ ಬರ್ತೀರ, ಉಪ್ಪಿಟ್ಟು ತಿಂದು ಹೋಗ್ತೀರ" ಅಂತ ಅಯೂಬ್ ಭಾಯ್ ನಗುತ್ತಿದ್ದರು.

ಹೋದ ಶನಿವಾರ ಶಿವು ತಾನೂ ಬರುತ್ತೇನೆಂದು ಹೊರಟ. ಇವತ್ತು ಯಾವುದಾದರೂ ಒಂದು ತೀರ್ಮಾನ ಆಗಲೇಬೇಕು ಅಂದ. ಅಯೂಬ್ ಭಾಯ್ ಹೊಸ ಕ್ಯಾಮೆರಾವನ್ನು ನನ್ನ ಕೈಗಿಟ್ಟು ಎದುರಿಗೆ ಕೂತರು.

"ನನ್ನ ಗಡ್ಡದ ಮೇಲೆ ಫೋಕಸ್ ಮಾಡಿ ಸಾರ್. ಕೆಂಪು ಗೆರೆ ಬಂತಾ?"

"ಬಂತು," ಅಂದೆ. ಇಷ್ಟು ವರ್ಷದ ಅಭ್ಯಾಸ, ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು.

"ಒತ್ತಿ."

ಒತ್ತಿದೆ. ಅವರು ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರು. ಅವರ ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಖುಗಳು ಒಂದೊಂದೂ ಸ್ಪಷ್ಟ. ಗಡ್ಡ ಮಾತ್ರ ಮುದ್ದೆ. ಅವರು ಚಿತ್ರ ನೋಡಿದರು, ನನ್ನನ್ನು ನೋಡಿದರು. ಆಗ ಶಿವು, ಪಾಪ, ನನ್ನ ಮರ್ಯಾದೆ ಕಾಯಲು, "ಬಿಡಿ ಭಾವ, ಇದರ ಸ್ಕ್ರೀನೇ ಸರಿ ಇಲ್ಲ ಅನ್ಸುತ್ತೆ" ಅಂದ.

ಹೌದು ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಬಾಯಿಯ ತನಕ ಬಂದಿತ್ತು ಆ ಹೌದು. ಆದರೆ ಆ ಕಪ್ಪು ಪರದೆಯ ಕೋಣೆ ಕಣ್ಣ ಮುಂದೆ ಬಂತು. ಇನ್ನೊಂದು ಮಾನಿಟರ್, ಇನ್ನೊಂದು ಕ್ಯಾಮೆರಾ, ಇನ್ನೊಂದು ಸುಳ್ಳು, ಆಮೇಲೆ...

"ಇಲ್ಲ ಶಿವು. ಸ್ಕ್ರೀನ್ ಸರಿಯಾಗಿದೆ. ನನಗೆ ಕೆಂಪು ಕಾಣಲ್ಲ. ಯಾವತ್ತೂ ಕಂಡಿಲ್ಲ," ಅಂದೆ.

ಅಯೂಬ್ ಭಾಯ್ ಕ್ಯಾಮೆರಾ ಈಸಿಕೊಂಡು, ಹಿಂದಿನ ಗುಂಡಿಗಳನ್ನು ಒತ್ತುತ್ತಾ, "ಇಷ್ಟೇನಾ? ಮೊದಲೇ ಹೇಳ್ಬಾರದಾ ಸಾರ್. ಮೆನುವಲ್ಲಿ ನೀಲಿ ಇದೆ, ಹಾಕ್ಕೊಡ್ತೀನಿ ತಗೊಳ್ಳಿ" ಅಂದರು.

ಮತ್ತೆ ಹಿಡಿದು ನೋಡಿದೆ. ಅವರ ಗಡ್ಡದ ಒಂದೊಂದು ಕೂದಲ ಮೇಲೂ ನೀಲಿ ಮಿನುಗುತ್ತಿತ್ತು. ನನಗೆ ಅಳು ಬಂತು ಮಾವ, ಸಿಟ್ಟೂ ಬಂತು. ಯಾರ ಮೇಲೆ ಅಂತ ಹೇಳಲಿ?

ಹೊಸದನ್ನೇ ತಂದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಶಿವು ಮೊದಲ ಸಲ ಬಾಯಿ ಬಿಟ್ಟ. "ಹಂಗಾದ್ರೆ ಆ ಮಾನಿಟರ್‌ಗಳು?"

"ಎಲ್ಲ ಚೆನ್ನಾಗೇ ಇದ್ವು."

ಅವನು ಮುಂದಿನ ಬಸ್ಸನ್ನೇ ನೋಡುತ್ತಾ, "ನಮ್ಮಕ್ಕಂಗೆ ಗೊತ್ತಾ?" ಅಂದ. ಇಲ್ಲ ಅಂದೆ. "ಬಣ್ಣದ ಕೆಲಸ ನಾನು ನೋಡ್ಕೋತೀನಿ. ಆದ್ರೆ ಅವಳಿಗೆ ನೀವೇ ಹೇಳ್ಬೇಕು ಭಾವ." ಅವನ ದನಿಯಲ್ಲಿ ನೋವಿತ್ತು. ಪೂರಾ ಕ್ಷಮಿಸಿದ್ದಾನೆ ಅಂತ ನನಗೇನೂ ಅನ್ನಿಸುವುದಿಲ್ಲ.

ಮನೆಯಲ್ಲಿ ಮಂಜುಳಾ, ಅಮ್ಮ ಇಬ್ಬರೂ ಹಾಲ್‌ನಲ್ಲಿ ಪೇಪರ್ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿಯುತ್ತಾ ಹೇಳಿದೆ. ಮಂಜುಳಾ ಕೈ ನಿಲ್ಲಿಸಿದಳು. "ಅದಕ್ಕೇನಾ ನನ್ನ ಸೀರೆ ಬಗ್ಗೆ ಯಾವತ್ತೂ ಒಂದು ಮಾತೂ ಆಡ್ತಿರ್ಲಿಲ್ಲ? ಊರವರ ಸೀರೆನೆಲ್ಲ ಹೊಗಳ್ತೀರ. ನನ್ನ ಕಂಡ್ರೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ."

ಅಮ್ಮ ತಲೆ ಎತ್ತಲಿಲ್ಲ. ಕಾಳು ಬಿಡಿಸುತ್ತಲೇ, "ನನ್ ತಮ್ಮಂಗೂ ಅಂಗೇ ಇತ್ತಲ್ಲ" ಅಂದಳು.

"ನಿನಗೆ ಯಾರು ಹೇಳಿದ್ದು?"

"ಯಾರ್ ಏಳ್ಬೇಕು? ಅಬ್ಬಿಗೆರೆ ತೋಟದಾಗೆ ಟೊಮೇಟೊ ಅಣ್ಣು ಕಿತ್ಕೊಂಡ್ ಬಾ ಅಂದ್ರೆ ಕಾಯಿ ಕಿತ್ಕೊಂಡ್ ಬರೋನು. ನಮ್ಮಪ್ಪ ನೋಡೋಕ್ ಮುಂಚೆ ನನ್ ಮಂಕರಿದು ಅವ್ನ ಮಂಕರಿಗೆ ಸುರಿದುಬಿಡ್ತಿದ್ದೆ. ಏಟು ನಂಗ್ ಬೀಳೋದು. ಓಗ್ಲಿ ಬಿಡು."

"ಗೊತ್ತಿದ್ದೂ ಒಂದು ಸಲನೂ ಕೇಳ್ಲಿಲ್ವಾ ಅಮ್ಮ? ಸ್ಟುಡಿಯೊ ಮುಚ್ಚಿದಾಗಲಾದ್ರೂ?"

"ಮುಚ್ಚಿಟ್ಕೊಂಡೋನ್ನ ಎಂಗಪ್ಪ ಕೇಳಾದು? ಅವ್ನಾಗಿ ಅವ್ನೇ ಏಳ್ಲಿ ಅಂತಿದ್ದೆ."

ಇದನ್ನು ನಿನಗೆ ತಿಳಿಸದೆ ಇರಲು ಆಗಲಿಲ್ಲ, ಅದಕ್ಕೇ ಬರೆಯಲು ಕೂತೆ. ಕೊನೆಗೆ ಆಸ್ಪತ್ರೆಯಲ್ಲಿ ನಿನ್ನ ಕೈ ಹಿಡಿದುಕೊಂಡು ಕೂತಿದ್ದಳಲ್ಲ ನಿನ್ನ ಅಕ್ಕ, ಆಗಲೂ ಕಾಯುತ್ತಿದ್ದಳಂತೆ ಮಾವ.